ಬೇರೆ ಜನಾಂಗದವರನ್ನು ಒಳ್ಳೆಯವರಾಗಿ ತೋರಿಸಿದರೆ ಸಾಕಲ್ಲವೇ?

ಸಿನಿಮಾದಲ್ಲಿ ಬೇರೆ ಜನಾಂಗದವನು ಒಳ್ಳೆಯವನಾಗಿಯೇ ಇದ್ದಾನಲ್ಲ, ಮತ್ತೆ ಪಕ್ಷಪಾತ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಒಳ್ಳೆಯವನೋ ಕೆಟ್ಟವನೋ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ನಾಯಕನಿಗಾಗಿ ಪ್ರಾಣ ಕೊಡುವ ನಿಷ್ಠಾವಂತ ಸೇವಕ, ಎರಡು ಹಿತವಚನ ಹೇಳಿ ಮಾಯವಾಗುವ ಮುದುಕ, ಇವರೆಲ್ಲ ಒಳ್ಳೆಯವರೇ. ಆದರೆ ಅವರಿಗೊಂದು ಮನೆಯಿಲ್ಲ, ಸಿಟ್ಟಿಲ್ಲ, ನಾಯಕನ ಬದುಕಿನಾಚೆ ತಮ್ಮದೆನ್ನುವ ಆಸೆಯಿಲ್ಲ. ನೋಡಬೇಕಾದ್ದು ಅದನ್ನು.

ಇದಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ಅಂಥ ಪ್ರತಿ ಪಾತ್ರಕ್ಕೂ ಐದು ವಿಷಯ ಬರೆದುಕೊಳ್ಳಿ: ಹೆಸರಿದೆಯೇ, ಎಷ್ಟು ಮಾತು, ಯಾರೊಡನೆ, ಯಾವುದರ ಬಗ್ಗೆ, ಕೊನೆಗೆ ಏನಾಗುತ್ತದೆ. ಆಮೇಲೆ ಅವರು ಬರುವ ದೃಶ್ಯಗಳನ್ನು ಒಮ್ಮೆ ಶಬ್ದ ನಿಲ್ಲಿಸಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಶಬ್ದವಿಲ್ಲದಾಗ ಬಣ್ಣ ಎದ್ದು ಕಾಣುತ್ತದೆ: ನಾಯಕನ ಊರು ತಿಳಿಬೆಳಕಿನಲ್ಲಿ, ಇವರದು ಹಳದಿ ಧೂಳಿನಲ್ಲಿ, ಅವನಿಗೆ ಕ್ಲೋಸಪ್, ಇವರಿಗೆ ಗುಂಪಿನ ಶಾಟ್. ಕಣ್ಣು ಮುಚ್ಚಿದಾಗ, ಪಾತ್ರ ಬಾಯಿ ತೆರೆಯುವ ಮೊದಲೇ ಹಿನ್ನೆಲೆ ಸಂಗೀತ ಅವನನ್ನು ನಂಬಬೇಡಿ ಎಂದು ಹೇಳಿಬಿಡುವುದು ಕೇಳಿಸುತ್ತದೆ.

ಸಬ್‌ಟೈಟಲನ್ನಂತೂ ತಪ್ಪದೆ ಗಮನಿಸಿ. ನಾಲ್ವರು ತಮ್ಮ ಭಾಷೆಯಲ್ಲಿ ಜೋರಾಗಿ ವಾದಿಸುತ್ತಿರುತ್ತಾರೆ, ತೆರೆಯ ಕೆಳಗೆ ‘ವಿದೇಶಿ ಭಾಷೆಯಲ್ಲಿ ಮಾತು’ ಎಂದಷ್ಟೇ ಬರುತ್ತದೆ. ಯಾವ ಭಾಷೆ ಎಂದು ಕೂಡ ಹೇಳುವುದಿಲ್ಲ. ಹಾಗೆಂದು ಆತುರಪಡಬೇಡಿ. ಪರದೇಶದಲ್ಲಿ ದಿಕ್ಕುತಪ್ಪಿದ ನಾಯಕನ ಗಾಬರಿ ನಮಗೂ ತಟ್ಟಲಿ ಎಂದು ಬೇಕೆಂದೇ ಅನುವಾದ ಬಿಟ್ಟಿರಬಹುದು. ಆ ಜನರ ಮಾತು ಸಿನಿಮಾ ಮುಗಿಯುವವರೆಗೂ ಒಮ್ಮೆಯೂ ನಮಗೆ ತಿಳಿಯದೇ ಹೋದರೆ ಗುರುತು ಹಾಕಿ.

ಪಾತ್ರ ಯಾರ ಕೈಗೆ ಹೋಯಿತು ಎಂಬುದರ ಹಿಂದೆ ಬರೀ ಅಭಿರುಚಿಯಲ್ಲ, ನಿಯಮವೂ ಇತ್ತು. ತೆರೆಯ ಮೇಲೆ ಏನು ತೋರಿಸಬಹುದು, ಏನು ಬಾರದು ಎಂದು ಹೇಳುವ ಹಾಲಿವುಡ್‌ನ ನಿಯಮಾವಳಿ ಹೇಸ್ ಕೋಡ್ 1930ರಲ್ಲಿ ಬಂದು, 1934ರಿಂದ ಬಿಗಿಯಾಗಿ ಜಾರಿಯಾಯಿತು. ಅದು ಬಿಳಿಯರು–ಕರಿಯರ ನಡುವಿನ ಲೈಂಗಿಕ ಸಂಬಂಧವನ್ನು ತೆರೆಯ ಮೇಲೆ ನಿಷೇಧಿಸಿತ್ತು. ಸ್ಟುಡಿಯೋಗಳು ಅದೇ ಅಳತೆಗೋಲನ್ನು ಏಷ್ಯಾದವರಿಗೂ ಹಿಡಿದವು. 1937ರ ‘ದಿ ಗುಡ್ ಅರ್ತ್’ನಲ್ಲಿ ಚೀನೀ ರೈತನ ಪಾತ್ರ ಬಿಳಿಯ ನಟ ಪಾಲ್ ಮ್ಯುನಿಗೆ ಹೋದ ಮೇಲೆ ಹೆಂಡತಿಯ ಪಾತ್ರ ಚೀನೀ ಮೂಲದ ಆ್ಯನಾ ಮೇ ವಾಂಗ್‌ಗೆ ಸಿಗುವ ಹಾಗೇ ಇರಲಿಲ್ಲ. ಅದು ಬಿಳಿಯ ನಟಿ ಲೂಯಿಸ್ ರೈನರ್ ಪಾಲಾಯಿತು, ಆಸ್ಕರೂ ಬಂತು. ಒಬ್ಬ ಅಸಾಧಾರಣ ಕಲಾವಿದೆಗೆ ಆದ ಈ ಅನ್ಯಾಯ ಇಂದಿಗೂ ಮನಸ್ಸಿಗೆ ನೋವುಂಟುಮಾಡುತ್ತದೆ.

ಸಂಖ್ಯೆಯೂ ಮುಖ್ಯ. ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಅಂಗಡಿಯವ ಅಪು ದುಷ್ಟನೇನಲ್ಲ. ಆದರೆ ಅಮೆರಿಕದ ಟಿವಿಯಲ್ಲಿ ಭಾರತೀಯರು ಕಾಣುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವನ ಎಳೆದಾಡುವ ಉಚ್ಚಾರಣೆಯೇ ಇಡೀ ಸಮುದಾಯದ ದನಿಯಾಗಿಬಿಟ್ಟಿತು. ಶಾಲೆಯಲ್ಲಿ ಮಕ್ಕಳನ್ನು ಅದೇ ಧಾಟಿಯಲ್ಲಿ ಅಣಕಿಸಿದರು. ದನಿ ಕೊಡುತ್ತಿದ್ದ ಬಿಳಿಯ ನಟ ಹ್ಯಾಂಕ್ ಅಜಾರಿಯಾ 2020ರಲ್ಲಿ ಆ ಪಾತ್ರ ಬಿಟ್ಟರು. ಒಂದೇ ಸಮುದಾಯದ ಮೂರು–ನಾಲ್ಕು ಪಾತ್ರಗಳಿದ್ದರೆ ಒಬ್ಬ ಪೆದ್ದನಾದರೂ ಇಡೀ ಸಮುದಾಯಕ್ಕೆ ಆ ಹಣೆಪಟ್ಟಿ ಅಂಟುವುದಿಲ್ಲ.

ಸುದ್ದಿಯಲ್ಲಿ ಪದಗಳನ್ನು ಹಿಡಿಯಬೇಕು. 2005ರಲ್ಲಿ ಅಮೆರಿಕಕ್ಕೆ ಬಡಿದ ಕತ್ರೀನಾ ಚಂಡಮಾರುತದ ಎರಡು ಫೋಟೊ ಹೆಸರಾಗಿವೆ. ಎರಡರಲ್ಲೂ ಎದೆಮಟ್ಟದ ನೀರಿನಲ್ಲಿ ದಿನಸಿ ಹಿಡಿದು ಸಾಗುತ್ತಿರುವ ಜನ. ಕರಿಯ ಯುವಕನ ಫೋಟೊದ ಅಡಿಬರಹ ‘ಲೂಟಿ’ ಎಂದಿತು, ಬಿಳಿಯರದು ‘ಸಿಕ್ಕಿದ್ದು’ ಎಂದಿತು. ಇಲ್ಲಿ ಅನೇಕರು ಎಡವುತ್ತಾರೆ: ಅವು ಎರಡು ಬೇರೆ ಸುದ್ದಿಸಂಸ್ಥೆಗಳ ಫೋಟೊಗಳು, ಛಾಯಾಗ್ರಾಹಕರು ಕಂಡದ್ದನ್ನೇ ಬರೆದದ್ದು ಎಂದು ಎರಡೂ ಕಡೆಯವರು ಹೇಳಿದರು. ಒಂದು ಜೋಡಿಯಿಂದ ಅನುಮಾನ ಹುಟ್ಟಬಹುದು, ಸಾಬೀತಾಗುವುದಿಲ್ಲ.

ಹಾಗಾಗಿ ಒಂದೇ ಪತ್ರಿಕೆ, ಒಂದೇ ಬಗೆಯ ಅಪರಾಧ, ಕನಿಷ್ಠ ಐವತ್ತು ವರದಿ ತೆಗೆದುಕೊಳ್ಳಿ. ಆರೋಪಿ ಯಾವ ಮೂಲದವನು ಎಂಬುದು ಶೀರ್ಷಿಕೆಯಲ್ಲಿದೆಯೇ, ಒಳಗಿದೆಯೇ, ಎಲ್ಲೂ ಇಲ್ಲವೇ ಎಂದು ಮೂರು ಕಾಲಂ ಮಾಡಿ. ಹುಡುಕುವಾಗ ‘ವಲಸಿಗ’ದಂಥ ಪದ ಹಾಕಬೇಡಿ, ಹಾಕಿದರೆ ಮೂಲ ಹೇಳದ ವರದಿಗಳು ಆರಂಭದಲ್ಲೇ ಜರಡಿಯಿಂದ ಉದುರಿಹೋಗುತ್ತವೆ, ಹೋಲಿಸಲು ಏನೂ ಉಳಿಯುವುದಿಲ್ಲ. ಅಪರಾಧದ ಹೆಸರಿನಿಂದಲೇ ಹುಡುಕಿ.