ತೂಕದ ಜೊತೆ ಕೆನ್ನೆಯೂ ಇಳಿದಾಗ

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಮಗಳ ಮದುವೆಗೆಂದು ಮೂರು ತಿಂಗಳಲ್ಲಿ 78 ಕೆ.ಜಿ.ಯಿಂದ 64ಕ್ಕೆ ಇಳಿದೆ. ಬೆಳಿಗ್ಗೆ ಸೌತೆಕಾಯಿ ಜ್ಯೂಸ್, ಮಧ್ಯಾಹ್ನ ಒಂದು ಚಪಾತಿ, ರಾತ್ರಿ ಊಟವಿಲ್ಲ. ಈಗ ಕೆನ್ನೆ ಬತ್ತಿದೆ, ಕಂಡವರೆಲ್ಲ ‘ಹುಷಾರಿಲ್ವಾ?’ ಅಂತಾರೆ. ಮದುವೆಗೆ ಇನ್ನು ನಾಲ್ಕು ತಿಂಗಳಿದೆ. ಯಾವ ಕ್ರೀಮ್ ಹಚ್ಚಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕ್ರೀಮಿನ ಮಾತು ಆಮೇಲೆ. ಇವತ್ತು ರಾತ್ರಿಯಿಂದಲೇ ಊಟ ಶುರು ಮಾಡಿ ತಾಯಿ.

ಕೆನ್ನೆ, ಕಣತಲೆಯ ಚರ್ಮದ ಕೆಳಗೆ ಕೊಬ್ಬಿನ ಮೆತ್ತೆ ಇರುತ್ತದೆ. ತೂಕ ಇಳಿದಾಗ ಅದೂ ಕರಗುತ್ತದೆ. ನಲವತ್ತು ದಾಟಿದ ಚರ್ಮಕ್ಕೆ ಮೊದಲಿನಂತೆ ಬಿಗಿದುಕೊಳ್ಳುವ ಶಕ್ತಿ ಕಡಿಮೆ. ಹತ್ತಿ ತೆಗೆದ ದಿಂಬಿನ ಗವಸಿನ ಹಾಗೆ ಜೋಲುತ್ತದೆ. ನಿಮ್ಮ ವಯಸ್ಸಿನ ಒಬ್ಬ ಟೀಚರ್ ಇದೇ ದೂರಿನಿಂದ ನನ್ನ ಹತ್ತಿರ ಬಂದಿದ್ದರು. ಮಲಗಿಸಿ ನೋಡಿದೆ, ಮುಖ ನುಣುಪಾಗಿತ್ತು. ಎದ್ದು ಕೂತರು, ಮೂಗಿನ ಪಕ್ಕದಿಂದ ಬಾಯಂಚಿನವರೆಗೆ ಆಳವಾದ ಗೆರೆ ಬಿತ್ತು. ಆ ಗೆರೆಯನ್ನು ಯಾವ ಕ್ರೀಮೂ ತುಂಬಲಾರದು. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲೂ ಆಗುವುದು ಇದೇ, ವೇಗವಾಗಿ ಇಳಿದದ್ದರ ಫಲ.

ಇನ್ನೂ ಇಳಿಸಲೇಬೇಕೆಂದರೆ ವಾರಕ್ಕೆ ಅರ್ಧ ಕೆ.ಜಿ. ಸಾಕು. ನಿಮ್ಮ ತೂಕಕ್ಕೆ ದಿನಕ್ಕೆ 65–75 ಗ್ರಾಂ ಪ್ರೊಟೀನ್ ಬೇಕು; ನಿಮ್ಮ ಜ್ಯೂಸು, ಚಪಾತಿಯಲ್ಲಿ ಅದರ ಕಾಲು ಭಾಗವೂ ಸಿಗುವುದಿಲ್ಲ. ಎರಡು ಮೊಟ್ಟೆಯಲ್ಲಿ 12 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18. ಗಟ್ಟಿ ಬೇಳೆ, ಮೊಳಕೆ ಹೆಸರುಕಾಳು, ಹುರುಳಿಕಾಳಿನ ಪಲ್ಯ, ಮೊಸರು ಎರಡೂ ಹೊತ್ತು ಇರಲಿ. (ಕಿಡ್ನಿ ತೊಂದರೆ ಇದ್ದರೆ ನಿಮ್ಮ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.) ಸರಿಯಾಗಿ ತಿನ್ನದಿದ್ದರೆ ಮದುವೆ ಹೊತ್ತಿಗೆ ಕೂದಲೂ ಉದುರೀತು, ತೂಕ ಇಳಿದ ಎರಡು ಮೂರು ತಿಂಗಳಿಗೆ ಅದು ಶುರುವಾಗುತ್ತದೆ.

ಈಗ ಕ್ರೀಮು. ನಿಮ್ಮ ಊರಿನ ಬಿಸಿಲಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕೇ ಬೇಕು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟನ್ನು ಮುಖಕ್ಕೂ ಕತ್ತಿಗೂ ಹಚ್ಚಿ. ಮಾಳಿಗೆ ಮೇಲೆ ಸಂಡಿಗೆ ಹಾಕಲು ಹೋಗುವಾಗಲೂ ಬಿಡಬೇಡಿ. ರಾತ್ರಿ ಬಟಾಣಿ ಕಾಳಿನಷ್ಟು ರೆಟಿನಾಲ್ (ವಿಟಮಿನ್ ಎ ಬಗೆಯ ಕ್ರೀಮ್), ಮೊದಲು ವಾರಕ್ಕೆ ಎರಡೇ ದಿನ, ಮೇಲೆ ಮಾಯಿಶ್ಚರೈಸರ್. ಚರ್ಮ ಉರಿದರೆ ನಿಲ್ಲಿಸಿ. ಕರಗಿದ ಕೊಬ್ಬು ಮಸಾಜಿನಿಂದ ವಾಪಸ್ ಬರುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಆರು ತಿಂಗಳು ತೂಕ ಒಂದೇ ಕಡೆ ನಿಂತ ಮೇಲೂ ಗುಳಿ ಉಳಿದರೆ ಚರ್ಮವೈದ್ಯರ ಬಳಿ ಫಿಲ್ಲರ್ (ಗುಳಿ ತುಂಬಲು ಚರ್ಮದಡಿ ಕೊಡುವ ಇಂಜೆಕ್ಷನ್) ಬಗ್ಗೆ ಕೇಳಿ. ಪಾರ್ಲರಿನಲ್ಲಿ ಮಾತ್ರ ಚುಚ್ಚಿಸಿಕೊಳ್ಳಬೇಡಿ. ತಪ್ಪಿ ರಕ್ತನಾಳಕ್ಕೆ ಹೋದರೆ ಕಣ್ಣೇ ಹೋದೀತು.