ಪಕ್ಕದ ಮನೆಯವರು ನೋಡಿಕೊಳ್ಳದ ಪುಟ್ಟ ನಾಯಿಯನ್ನು ನಾವೇ ಎತ್ತಿಕೊಂಡು ಬರಬಹುದಾ?

ಬೇಡ. ಬಾಲ್ಕನಿಯಲ್ಲಿ ಇಡೀ ದಿನ ಕಟ್ಟಿಹಾಕಿದ ಪಮೇರಿಯನ್ ಆಗಲಿ, ಪಗ್ ಆಗಲಿ, ಹೇಳದೆ ಕೇಳದೆ ತಂದರೆ ಅದು ಕಳ್ಳತನ. ಕಾನೂನಿನ ಲೆಕ್ಕದಲ್ಲಿ ಸಾಕುನಾಯಿ ಮಾಲೀಕರ ಸ್ವತ್ತು. ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಕಳ್ಳತನಕ್ಕೆ ಕೊಡುವ ಉದಾಹರಣೆಗಳಲ್ಲಿ ಒಂದು, ತಿನಿಸಿನ ಆಸೆ ತೋರಿಸಿ ಬೇರೆಯವರ ನಾಯಿಯನ್ನು ಹಿಂದೆ ಬರಿಸಿಕೊಳ್ಳುವುದೇ!

ದೂರು ಕೊಡುವ ದಾರಿ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಷ್ಟು ಊಟ, ನೀರು, ಆಸರೆ ಕೊಡದಿರುವುದು, ತೀರಾ ಗಿಡ್ಡ ಸರಪಳಿಯಲ್ಲಿ ತುಂಬಾ ಹೊತ್ತು ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದು ಎಲ್ಲವೂ ಅಪರಾಧ. ನಿಮ್ಮ ಮನೆಯಿಂದ ಕಾಣುವಷ್ಟನ್ನೇ ಬೇರೆ ಬೇರೆ ದಿನ ಫೋಟೊ, ವಿಡಿಯೊ ಮಾಡಿ. ಠಾಣೆಗೆ ಬರವಣಿಗೆಯಲ್ಲಿ ದೂರು ಕೊಡಿ. ಪ್ರಾಣಿ ರಕ್ಷಣಾ ಸಂಘದವರನ್ನು ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು.

ಮೊದಲ ಸಲದ ದಂಡ ಬರೀ 10ರಿಂದ 50 ರೂಪಾಯಿ. ನಗು ಬರುತ್ತದೆ ಅಲ್ವಾ? ಕಾಯ್ದೆಯ ನಿಜವಾದ ಬಲ 29ನೇ ಸೆಕ್ಷನ್‌ನಲ್ಲಿದೆ. ಅಪರಾಧ ಸಾಬೀತಾಗಿ, ನಾಯಿಗೆ ಮತ್ತೆ ಹಿಂಸೆ ಆಗಬಹುದು ಅನ್ನಿಸಿದರೆ ಕೋರ್ಟು ಒಡೆತನವನ್ನೇ ಕಿತ್ತುಕೊಳ್ಳಬಹುದು.

ಇಷ್ಟೆಲ್ಲ ಹೇಳಿದರೂ, ನನ್ನ ಪ್ರಕಾರ ಮೊದಲು ಮಾತಾಡಿ ನೋಡುವುದೇ ವಾಸಿ. ಆಸೆಪಟ್ಟು ತಂದು ಆಮೇಲೆ ಬೇಸತ್ತವರು ಜಾಸ್ತಿ. "ನಿಮಗೆ ಕಷ್ಟ ಆದರೆ ನಮಗೆ ಕೊಡಿ" ಎಂದು ಜಗಳವಿಲ್ಲದೆ ಕೇಳಿದರೆ ಎಷ್ಟೋ ಮಂದಿ ಒಪ್ಪುತ್ತಾರೆ. ಒಪ್ಪಿದರೆ ನಾಯಿಯನ್ನು ಬಿಟ್ಟುಕೊಟ್ಟಿದ್ದೇವೆ ಎಂಬ ಸಹಿ ಮಾಡಿದ ಪತ್ರ, ಲಸಿಕೆಯ ಪುಸ್ತಕ ಎರಡನ್ನೂ ಅವತ್ತೇ ತೆಗೆದುಕೊಳ್ಳಿ.