1966ರ ಮಸ್ಟಾಂಗ್ ಕೂಪೆ: ಮಾಸಿದ ಬಣ್ಣದ್ದೋ, ಹೊಸ ಪೇಂಟಿನದೋ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಿಮ್ಮ ಬೀದಿಯ ಅಜ್ಜಿಯೊಬ್ಬರು ತಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ 1966ರ ಫೋರ್ಡ್ ಮಸ್ಟಾಂಗ್ ಕೂಪೆಯನ್ನು ಮಾರುತ್ತಿದ್ದಾರೆ. ಕೊಂಡ ದಿನದಿಂದ ಅದು ಒಂದೇ ಮನೆಯಲ್ಲಿದೆ. ಬಿಳಿ ಬಣ್ಣ ಮಾಸಿದೆ, ಓಡೋಮೀಟರ್ 61 ಸಾವಿರ ಮೈಲಿ ತೋರಿಸುತ್ತಿದೆ, 28 ಸಾವಿರ ಡಾಲರ್ ಕೇಳುತ್ತಿದ್ದಾರೆ. ಅದೇ ದುಡ್ಡಿಗೆ ಸ್ಯಾಕ್ರಮೆಂಟೊದಲ್ಲಿ ಹೊಸ ಕೆಂಪು ಪೇಂಟ್ ಹೊಡೆದು ಫಳಫಳ ಹೊಳೆಯುವ ಇನ್ನೊಂದು ಇದೆ. ಯಾವುದನ್ನು ಕೊಳ್ಳಲಿ, ಕೊಳ್ಳುವ ಮುಂಚೆ ಏನು ನೋಡಲಿ ಅಂತ ಕೇಳಿದ್ದೀರಿ.

ಅಜ್ಜಿಯ ಕಾರನ್ನೇ ಕೊಳ್ಳಿ. ಕೆಳಗೆ ಹೇಳುವ ಒಂದು ಪರೀಕ್ಷೆಯಲ್ಲಿ ಅದು ಪಾಸಾದರೆ ಹಿಂದೆಮುಂದೆ ನೋಡಬೇಡಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ, ನಾನು ಮೊದಲು ಕೊಂಡಿದ್ದು ಆ ಕೆಂಪು ಕಾರಿನಂಥದ್ದನ್ನೇ. ಕನ್ನಡಿಯಂಥ ಪೇಂಟ್, ಹೊಸ ಕ್ರೋಮ್, ಹೊಸ ಸೀಟು. ಜನವರಿಯ ಮೊದಲ ಮಳೆಗೆ ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಡತಿ "ಕಾಲ ಕೆಳಗೆ ಏನೋ ಒದ್ದೆ" ಅಂದಳು. ಮನೆಗೆ ಬಂದು ಕಾರ್ಪೆಟ್ ಎತ್ತಿದರೆ, ಫ್ಲೋರಿನ ಮೇಲೆ ತಗಡಿನ ತೇಪೆ, ಅದರ ಮೇಲೆ ಡಾಂಬರಿನಂಥ ಕಪ್ಪು ಅಂಟು. ಬೆರಳಿನಿಂದ ಒತ್ತಿದೆ, ತೇಪೆಯ ಅಂಚು ಬಿಸ್ಕತ್ತಿನ ಹಾಗೆ ಪುಡಿಯಾಗಿ ಕೆಳಗಿನ ಸಿಮೆಂಟು ನೆಲ ಕಾಣಿಸಿತು. ಮೇಲೆ ಥಳಕು, ಒಳಗೆ ಹುಳುಕು. ರಿಪೇರಿಗೆ ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚೇ ಹೋಯಿತು. ಆ ರಾತ್ರಿ ಗ್ಯಾರೇಜಿನಲ್ಲಿ ಟಾರ್ಚ್ ಹಿಡಿದು ಕೂತಿದ್ದು ಇನ್ನೂ ನೆನಪಿದೆ. ನಿಮಗೆ ಆ ರಾತ್ರಿ ಬರಬಾರದು.

ಈಗ ನೀವು ಕೊಟ್ಟಿರುವ ನಂಬರಿಗೆ ಬರೋಣ. ಅಜ್ಜಿಯ ಕಾರಿನ ವಿಐಎನ್ (ಕಾರ್ಖಾನೆ ಪ್ರತಿ ಕಾರಿಗೂ ಕೊಡುವ ಗುರುತಿನ ನಂಬರು) 6ಆರ್07ಸಿ ಅಂತ ಶುರುವಾಗುತ್ತದೆ ಅಂದಿರಿ. 6 ಅಂದರೆ 1966ರ ಮಾಡೆಲ್. 07 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್. ನಾವೆಲ್ಲ ಕೂಪೆ ಅನ್ನುವುದನ್ನು ಫೋರ್ಡ್‌ನವರು ಹಾಗೆ ಕರೆಯುತ್ತಿದ್ದರು. ಮುಂದಿನ, ಹಿಂದಿನ ಕಿಟಕಿಗಳ ನಡುವೆ ಕಂಬವೇ ಇಲ್ಲ. ಎರಡೂ ಗಾಜು ಇಳಿಸಿದರೆ ಇಡೀ ಪಕ್ಕ ತೆರೆದುಕೊಳ್ಳುತ್ತದೆ. ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8, ಎರಡು ಬ್ಯಾರೆಲ್ ಕಾರ್ಬುರೇಟರ್, 200 ಹಾರ್ಸ್‌ಪವರ್. ಆ ಜಾಗದಲ್ಲಿ ಟಿ ಇದ್ದಿದ್ದರೆ ಆರು ಸಿಲಿಂಡರಿನ 120 ಹಾರ್ಸ್‌ಪವರಿನದು, 28 ಸಾವಿರ ಜಾಸ್ತಿಯಾಯಿತು ಅನ್ನುತ್ತಿದ್ದೆ.

ಆರ್ ಅಕ್ಷರವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಆರ್ ಅಂದರೆ ಫೋರ್ಡ್‌ನ ಸ್ಯಾನ್ ಹೋಸೆ ಕಾರ್ಖಾನೆ. ಹೆಸರು ಸ್ಯಾನ್ ಹೋಸೆಯದಾದರೂ ಅದು ಇದ್ದದ್ದು ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಮುಚ್ಚಿತು, 1994ರಲ್ಲಿ ಅದೇ ಕಟ್ಟಡ ಗ್ರೇಟ್ ಮಾಲ್ ಆಯಿತು. ನಮ್ಮ ಜನ ದೀಪಾವಳಿ ಮುಂಚೆ ಮಕ್ಕಳಿಗೆ ಬಟ್ಟೆ ಕೊಳ್ಳಲು ಹೋಗುವ ಅದೇ ಗ್ರೇಟ್ ಮಾಲ್. ನಿಮ್ಮ ಅಜ್ಜಿಯ ಕಾರು ಆ ಸೂರಿನಡಿ ಹುಟ್ಟಿ, ಅಲ್ಲಿಂದ ಹತ್ತು ಮೈಲಿ ಆಚೆ ಇಷ್ಟು ವರ್ಷ ಬಾಳಿದೆ. 1966ರ ಮಾಡೆಲ್‌ನಲ್ಲಿ ಒಟ್ಟು 6,07,568 ಮಸ್ಟಾಂಗ್ ತಯಾರಾದವು, ಸುಮಾರು ಐದು ಲಕ್ಷ ಕೂಪೆಗಳೇ. ಹಾಗಾಗಿ ಇದನ್ನು ಅಪರೂಪದ ಕಾರು ಅನ್ನಲಾರೆ. ಆದರೆ ಯಾರೂ ಕೈಯಾಡಿಸದೆ ಉಳಿದ ಕೂಪೆ ನಿಜಕ್ಕೂ ಅಪರೂಪ.

ಈಗ ಆ ಪರೀಕ್ಷೆ. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಮುಗಿಯುವ ಕಡೆ, ಉದ್ದುದ್ದ ಸೀಳುಗಳಿವೆ. ಆ ಭಾಗಕ್ಕೆ ಕೌಲ್ ಅಂತಾರೆ. ಒಳಗೆ ಗಾಳಿ ಬರಲೆಂದು ಮಾಡಿದ್ದು. ಮಳೆ ನೀರು, ಎಲೆ, ಕಸವೂ ಅಲ್ಲಿಂದಲೇ ಇಳಿಯುತ್ತದೆ. ನೀರು ಎರಡೂ ಪಕ್ಕದಿಂದ ಹರಿದು ಹೋಗಬೇಕು, ಆದರೆ ಎಲೆ ಕಟ್ಟಿಕೊಂಡು ಕೊಳೆತರೆ ಒಳಗಿನ ತಗಡು ತುಕ್ಕು ಹಿಡಿದು ತೂತಾಗುತ್ತದೆ. ಎರಡು ತಗಡುಗಳನ್ನು ಸ್ಪಾಟ್ ವೆಲ್ಡ್ ಮಾಡಿ ಮುಚ್ಚಿದ ಜಾಗ ಅದು. ಕೈ ಹೋಗಲ್ಲ, ಕಣ್ಣಿಗೆ ಕಾಣಲ್ಲ. ಸರಿ ಮಾಡಬೇಕೆಂದರೆ ಆ ವೆಲ್ಡುಗಳನ್ನೆಲ್ಲ ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು. ಅದಕ್ಕೇ ಮಾರುವವರು ಇದನ್ನು ಮುಟ್ಟದೆ ಮೇಲೆ ಪೇಂಟ್ ಹೊಡೆದುಬಿಡುತ್ತಾರೆ.

ಅಜ್ಜಿಯ ಅನುಮತಿ ಕೇಳಿ, ಒಬ್ಬರು ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಡಲಿ, ಇನ್ನೊಬ್ಬರು ಆ ಸೀಳುಗಳಿಗೆ ನಿಧಾನವಾಗಿ ನೀರು ಸುರಿಯಲಿ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ನೀರು ಚಕ್ರದ ಹಿಂದೆ ನೆಲಕ್ಕೆ ಹರಿದರೆ ಕಾರು ಆರೋಗ್ಯವಾಗಿದೆ. ಕಾಲಿಡುವ ಜಾಗಕ್ಕೆ ಹನಿ ಬಿದ್ದರೆ ಬೆಲೆಯ ಮಾತು ಮತ್ತೆ ಮೊದಲಿಂದ ಶುರುವಾಗಬೇಕು. ಸ್ಯಾಕ್ರಮೆಂಟೊದವರು ನೀರು ಹಾಕಲು ಬಿಡಲ್ಲ ಅಂದರೆ ಅದೇ ಉತ್ತರ ಅಂದುಕೊಂಡು ವಾಪಸ್ ಬನ್ನಿ.

ಕೌಲ್ ಆದಮೇಲೆ ಡಿಕ್ಕಿ ತೆರೆಯಿರಿ. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಟ್ಯಾಂಕಿನ ಸುತ್ತಲ ಅಂಚು, ಎರಡೂ ಪಕ್ಕದ ತಗ್ಗು ನೋಡಿ. ಬಾನೆಟ್ ಕೆಳಗೆ ಬಲಗಡೆ ಮುಂದೆ ಬ್ಯಾಟರಿ ಇದೆ. ಅದರ ಆಸಿಡ್ ಬಿದ್ದು ಕೆಳಗಿನ ತಗಡು ತಿಂದಿರಬಹುದು. ಬಾಗಿಲುಗಳ ಕೆಳ ಅಂಚಿಗೆ, ಹಿಂದಿನ ಚಕ್ರಗಳ ಹಿಂಭಾಗಕ್ಕೆ ಬಟ್ಟೆ ಸುತ್ತಿದ ಒಂದು ಸಣ್ಣ ಅಯಸ್ಕಾಂತ ಹಿಡಿಯಿರಿ. ಫ್ರಿಜ್ ಮೇಲೆ ಅಂಟಿಸುವುದೇ ಸಾಕು. ಅಂಟದೆ ಜಾರಿದ ಕಡೆ ಒಳಗೆ ಲೋಹ ಇಲ್ಲ, ಪುಟ್ಟಿ ಇದೆ.

"ನಂಬರ್ ಮ್ಯಾಚಿಂಗ್", ಅಂದರೆ ಕಾರಿನ ನಂಬರೂ ಎಂಜಿನ್ ನಂಬರೂ ಒಂದೇ, ಅಂತ ಸ್ಯಾಕ್ರಮೆಂಟೊದವರು ಜಾಹೀರಾತಿನಲ್ಲಿ ಹಾಕಿದ್ದಾರಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ಆ ವರ್ಷ ಫೋರ್ಡ್ ಮಸ್ಟಾಂಗ್ ಎಂಜಿನ್ ಮೇಲೆ ವಿಐಎನ್ ಒತ್ತುತ್ತಿದ್ದದ್ದು 271 ಹಾರ್ಸ್‌ಪವರಿನ ಕೆ ಎಂಜಿನ್‌ಗಳಿಗೆ ಮಾತ್ರ. ಸಿ ಎಂಜಿನ್ ಮೇಲೆ ಹೊಂದಿಸಿ ನೋಡಲು ನಂಬರೇ ಇಲ್ಲ. ಎಂಜಿನ್ ಮೇಲಿನ ಎರಕದ ತಾರೀಖು ಕಾರಿನ ತಾರೀಖಿಗಿಂತ ಸ್ವಲ್ಪ ಮುಂಚಿನದಾಗಿದೆಯಾ ಅಂತ ನೋಡಬಹುದು, ಅಷ್ಟೇ. ನೀವು ಹೊಂದಿಸಬೇಕಾದ್ದು ಬೇರೆ: ಡ್ರೈವರ್ ಬಾಗಿಲಿನ ಅಂಚಿನ ತಟ್ಟೆಯ ನಂಬರು, ಬಾನೆಟ್ ಎತ್ತಿದರೆ ಡ್ರೈವರ್ ಕಡೆ ಮಡ್‌ಗಾರ್ಡ್ ಪಕ್ಕದ ತಗಡಿನಲ್ಲಿ ಒತ್ತಿರುವ ನಂಬರು, ಪಿಂಕ್ ಸ್ಲಿಪ್‌ನ (ಕಾರಿನ ಒಡೆತನದ ಪತ್ರದ) ನಂಬರು. ಬಾಗಿಲಿನ ತಟ್ಟೆ ಹೊಸದು ಮಾಡಿಸಿಕೊಳ್ಳಬಹುದು. ತಗಡಿನಲ್ಲಿ ಒತ್ತಿದ್ದನ್ನೇ ನಂಬಿ. ತಟ್ಟೆಯಲ್ಲಿ ಬಣ್ಣದ ಕೋಡ್ ಎಂ ಇದ್ದರೆ ವಿಂಬಲ್ಡನ್ ವೈಟ್, ಅಂದರೆ ನೀವು ಕಂಡ ಬಿಳಿ ಕಾರ್ಖಾನೆಯದೇ ಇರಬಹುದು.

ಓಡೋಮೀಟರ್ ಐದೇ ಅಂಕಿಯದು. ಲಕ್ಷ ದಾಟಿದರೆ ಮತ್ತೆ ಸೊನ್ನೆಯಿಂದ ಶುರು. 61 ಸಾವಿರ ಅಂದರೆ 1,61,000 ಕೂಡ ಆಗಿರಬಹುದು. ಬ್ರೇಕ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ನೋಡಿ, ಯಜಮಾನರು ಸರ್ವಿಸ್ ಬಿಲ್ ಇಟ್ಟಿದ್ದರಾ ಕೇಳಿ. ಇನ್ನೊಂದು ಗುರುತು ಹೇಳುತ್ತೇನೆ. 1966ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರುಗಳ ಹೊಗೆಗೆ ಕಡಿವಾಣ ಬಂತು. ಫೋರ್ಡ್ ಇಲ್ಲಿ ಮಾರುವ ಕಾರುಗಳಿಗೆ ಥರ್ಮ್ಯಾಕ್ಟರ್ ಅನ್ನುವ ಗಾಳಿ ಪಂಪ್ ಕೂರಿಸಿತು. ಹೆಚ್ಚಿನವರು ಅದನ್ನು ಕಿತ್ತು ಎಸೆದರು. ಅಜ್ಜಿಯ ಕಾರಿನಲ್ಲಿ ಅದು ಇನ್ನೂ ಇದ್ದರೆ ಆ ಯಜಮಾನರಿಗೆ ಮನಸ್ಸಿನಲ್ಲೇ ಕೈಮುಗಿಯಿರಿ. ಕಪ್ಪು ಹಿನ್ನೆಲೆ, ಹಳದಿ ಅಕ್ಷರದ ಹಳೇ ನಂಬರ್ ಪ್ಲೇಟ್ ಇದ್ದರೆ ಅದನ್ನೂ ಕಾರಿನ ಜೊತೆಗೇ ಇಟ್ಟುಕೊಳ್ಳಿ, ಬದಲಾಯಿಸಬೇಡಿ.

ಎಂಜಿನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಈ 289ಕ್ಕೆ ಪ್ರತಿಯೊಂದು ಪಾರ್ಟೂ ಹೊಸದಾಗಿ ಸಿಗುತ್ತದೆ. ನೀವು ಹೋಗುವ ಮುಂಚೆ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮಾತ್ರ ಹೇಳಿ. ತಣ್ಣಗಿದ್ದಾಗ ಹೇಗೆ ಎದ್ದೇಳುತ್ತದೆ ಅನ್ನುವುದು ಮುಖ್ಯ. ಆಕ್ಸಿಲರೇಟರ್ ಒಂದು ಸಲ ಪೂರ್ತಿ ಒತ್ತಿ ಬಿಟ್ಟು ಕೀ ತಿರುಗಿಸಿ. ಮೊದಲ ಕ್ಷಣ ಸ್ವಲ್ಪ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ರಬ್ಬರು ಹಳತಾಗಿ ಬಿರುಸಾಗಿದೆ, ಸಣ್ಣ ಖರ್ಚು. ಹೊಗೆ ನಿಲ್ಲದಿದ್ದರೆ ದೊಡ್ಡ ಖರ್ಚು. ಆಟೋಮ್ಯಾಟಿಕ್ ಆಗಿದ್ದರೆ ಗೇರಿನಲ್ಲಿ ಡಿ ಅಕ್ಷರ ಹುಡುಕಬೇಡಿ, ದೊಡ್ಡ ಹಸಿರು ಚುಕ್ಕೆಯೇ ಡ್ರೈವ್.

ಒಂದು ವಿಷಯದಲ್ಲಿ ಮಾತ್ರ ಹಳೆಯದನ್ನು ಹಾಗೇ ಉಳಿಸಿಕೊಳ್ಳಬೇಡಿ: ಬ್ರೇಕ್. 1966ರವರೆಗೆ ಮಸ್ಟಾಂಗಿನ ನಾಲ್ಕೂ ಚಕ್ರಗಳಿಗೆ ಮಾಸ್ಟರ್ ಸಿಲಿಂಡರಿನಿಂದ ಒಂದೇ ಸರ್ಕ್ಯೂಟ್. ಒಂದು ಕಡೆ ಪೈಪ್ ಸೋರಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೂ ಚಕ್ರ ಕೈಕೊಡುತ್ತವೆ. 1967ರಿಂದ ಫೋರ್ಡೇ ಎರಡು ಸರ್ಕ್ಯೂಟಿನದು ಕೊಟ್ಟಿತು. ಅದನ್ನು ಮೊದಲ ತಿಂಗಳೇ ಹಾಕಿಸಿ, ಹಳೆಯದನ್ನು ಡಬ್ಬಿಯಲ್ಲಿ ಜೋಪಾನವಾಗಿಡಿ. ಟೈರಿನ ಪಕ್ಕದ ಡಾಟ್ ನಂಬರಿನ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. ಕಚ್ಚು ಎಷ್ಟೇ ಇದ್ದರೂ ಹತ್ತು ವರ್ಷ ದಾಟಿದ್ದರೆ ಬದಲಾಯಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪುಗಳು ತಾಳಲ್ಲ, ಅವನ್ನೂ ಬದಲಾಯಿಸಿ.

ಕಾಗದಪತ್ರದ ವಿಷಯ. ಪಿಂಕ್ ಸ್ಲಿಪ್ ಯಜಮಾನರೊಬ್ಬರ ಹೆಸರಲ್ಲೇ ಇದ್ದರೆ ಅಜ್ಜಿ ಬರೀ ಸಹಿ ಹಾಕಿ ಕೊಟ್ಟರೆ ಸಾಲದು. ತೀರಿಕೊಂಡು 40 ದಿನ ಕಳೆದಿದ್ದರೆ, ಕೋರ್ಟಿಗೆ ಹೋಗದೆ ವರ್ಗಾಯಿಸಿಕೊಳ್ಳಲು ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಓದಂಥ ಕಚೇರಿ) ಒಂದು ಅಫಿಡವಿಟ್ ಫಾರ್ಮ್ ಇದೆ, ರೆಗ್ 5. ಅದನ್ನು ನೀವೇ ಪ್ರಿಂಟ್ ತೆಗೆದುಕೊಂಡು ಹೋಗಿ, ಜೊತೆಗೆ ಕೂತು ತುಂಬಿಸಿ. 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇಲ್ಲ, ಆ ಚಿಂತೆ ಬಿಡಿ. ಇನ್ಶೂರೆನ್ಸ್ ಮಾಡಿಸುವಾಗ ಬೆಲೆ ಮೊದಲೇ ಒಪ್ಪಿಕೊಳ್ಳುವ ಕ್ಲಾಸಿಕ್ ಪಾಲಿಸಿ ಕೇಳಿ.

ಚೌಕಾಸಿ ಬಗ್ಗೆಯೂ ಕೇಳಿದ್ದಿರಿ. ಕೌಲ್ ಒಣಗಿದ್ದು, ನಂಬರುಗಳು ಹೊಂದಿದರೆ 28 ಸಾವಿರ ನ್ಯಾಯವಾದ ಬೆಲೆ. ಬ್ರೇಕು, ಟೈರಿನ ಖರ್ಚು ತೋರಿಸಿ ಒಂದೂವರೆ ಸಾವಿರ ಕಡಿಮೆ ಕೇಳಿ, ಅವರು ಇಲ್ಲವೆಂದರೆ ಪೂರ್ತಿ ಕೊಡಿ. ಗಂಡ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಮಗುವಿನ ಹಾಗೆ ನೋಡಿಕೊಂಡ ಕಾರು ಅದು. ಇನ್ನೊಂದು ಮಾತು, ಕೊಂಡ ಮೇಲೆ ಪೇಂಟ್ ಮಾಡಿಸಬೇಡಿ. ಮಾಸಿದ ಆ ಬಿಳಿ ಮಿಲ್ಪಿಟಾಸ್‌ನಲ್ಲಿ ಹೊಡೆದದ್ದು, ಅದನ್ನು ಮತ್ತೆ ಯಾರೂ ಹೊಡೆದು ಕೊಡಲಾರರು.

ಶನಿವಾರ ಹೋಗುತ್ತೇನೆ ಅಂದಿದ್ದೀರಿ. ಬೆಳಿಗ್ಗೆಯೇ ಹೋಗಿ, ಒಂದು ತಂಬಿಗೆ, ಟಾರ್ಚು, ಅಯಸ್ಕಾಂತ, ಹಳೇ ಚಾದರ ಜೊತೆಗಿರಲಿ. ಡ್ಯಾಶ್‌ಬೋರ್ಡ್ ಕೆಳಗೆ ಹನಿ ಕಂಡರೆ ಎಡವೋ ಬಲವೋ, ಎಷ್ಟು ವೇಗವಾಗಿ ತೊಟ್ಟಿಕ್ಕುತ್ತಿದೆ ಅಂತ ಫೋಟೋ ಸಮೇತ ಇಲ್ಲೇ ಬರೆಯಿರಿ, ಎಷ್ಟು ಇಳಿಸಿ ಕೇಳಬೇಕೆಂದು ಹೇಳುತ್ತೇನೆ.